ಅಪ್ಪನ ಎಸ್ಟೀಮ್‌ಗೆ ಇನ್ನೂ ಸ್ವಲ್ಪ ಪವರ್ ಬೇಕು, ಎಲ್ಲಿಂದ ಶುರು ಮಾಡ್ಲಿ?

ತುಂಗಾತೀರ:
ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ 2004ರ ಮಾರುತಿ ಎಸ್ಟೀಮ್ ವಿಎಕ್ಸ್‌ಐ ಕಾರಿದೆ. ಅಪ್ಪ ಶೋರೂಮಿಂದಲೇ ತಗೊಂಡಿದ್ದು, ಈಗ 1,38,000 ಕಿ.ಮೀ. ಓಡಿದೆ. ಮಾರೋ ಮಾತೇ ಇಲ್ಲ, ಆ ಸಲಹೆ ದಯವಿಟ್ಟು ಬೇಡ.

ಕಳೆದ ವಾರ ಉಡುಪಿಯಿಂದ ತೀರ್ಥಹಳ್ಳಿಗೆ ವಾಪಸ್ ಬರುತ್ತಿದ್ವಿ. ಐದು ಜನ, ಡಿಕ್ಕಿ ತುಂಬ ತೆಂಗಿನಕಾಯಿ, ಎಸಿ ಆನ್. ಸೋಮೇಶ್ವರ ದಾಟಿ ಆಗುಂಬೆ ಘಾಟಿ ಶುರುವಾಯಿತಲ್ಲ, ಏಳನೇ ತಿರುವೋ ಎಂಟನೆಯದೋ, ಎರಡನೇ ಗೇರಲ್ಲಿ ಗಾಡಿ ಏಳಲೇ ಇಲ್ಲ. ಮೊದಲನೇ ಗೇರಿಗೆ ಹಾಕಿ, ಎಸಿ ಆಫ್ ಮಾಡಿ, ಅಮ್ಮ ಒಳಗಿಂದ ದೇವರ ಹೆಸರು ಹೇಳಿ, ಹೇಗೋ ಹತ್ತಿಸಿದೆ. ಅಷ್ಟರಲ್ಲಿ ಹಿಂದಿದ್ದ ಒಂದು ಆಲ್ಟೊ ಹಾರ್ನ್ ಹೊಡೆದು ಪಕ್ಕದಲ್ಲೇ ದಾಟಿ ಹೋಯಿತು. ಆಲ್ಟೊ ಸ್ವಾಮಿ!

ಶಿವಮೊಗ್ಗದಲ್ಲಿ ಒಬ್ಬರು ಕೋನ್ ಏರ್ ಫಿಲ್ಟರ್, ಹೊಗೆ ಸಲೀಸಾಗಿ ಹೋಗೋ ಫ್ರೀ ಫ್ಲೋ ಸೈಲೆನ್ಸರ್, ಇರಿಡಿಯಂ ಪ್ಲಗ್ ಮೂರೂ ಸೇರಿಸಿ 28 ಸಾವಿರಕ್ಕೆ ಮಾಡಿಕೊಡ್ತೀನಿ, 15 ಹಾರ್ಸ್‌ಪವರ್ ಗ್ಯಾರಂಟಿ ಅಂತಾರೆ. ಇನ್ನೊಬ್ಬ ಗೆಳೆಯ ಹೇಳೋದು, ಗುಜರಿಯಿಂದ ಹಳೇ ಬಲೆನೊ ಸೆಡಾನ್ ಇಂಜಿನ್ ತಂದು ಕೂರಿಸು, ಹಾಗೇ ಕೂತ್ಕೊಳ್ಳುತ್ತೆ ಅಂತ. ನನ್ನ ಬಜೆಟ್ 40 ಸಾವಿರ. ಮಾಡಿರೋರು ಯಾರಾದರೂ ಇದ್ದರೆ ಹೇಳಿ.

ರೆಡ್‌ಲೈನ್ ರಾಜ:
ಬಲೆನೊ ಇಂಜಿನ್ ಹಾಕು ಗುರು, ಯೋಚನೆನೇ ಬೇಡ. 1590 ಸಿಸಿ, 94 ಹಾರ್ಸ್‌ಪವರ್. ನಿಂದು 1298 ಸಿಸಿ, 85. ನಮ್ಮ ಏರಿಯಾದಲ್ಲಿ ಒಬ್ಬರ ಹತ್ರ ಇತ್ತು, ಎರಡನೇ ಗೇರಲ್ಲಿ ಸೀಟಿಗೆ ಅಂಟಿಕೊಳ್ತಿದ್ವಿ.

12-13 ಸ್ಪ್ಯಾನರ್:
ತುಂಗಾತೀರ ಅವರೇ, ಸ್ವಲ್ಪ ತಡೀರಿ. 30 ವರ್ಷದಿಂದ ಗ್ಯಾರೇಜ್ ನಡೆಸ್ತಿದ್ದೀನಿ, ಇದೇ ಕಥೆ ಎಷ್ಟು ಕೇಳಿದ್ದೀನೋ ಲೆಕ್ಕ ಇಲ್ಲ. ಈ ಗಾಡಿಯ ಬಾಡಿ 1990ರಲ್ಲಿ ಮಾರುತಿ 1000 ಅಂತ ಬಂತು, 970 ಸಿಸಿ ಇಂಜಿನ್, ಪಾಪ ಅದು ನಿಜಕ್ಕೂ ಏಳ್ತಿರಲಿಲ್ಲ. 1994ರಲ್ಲಿ ಅದೇ ಬಾಡಿಗೆ 1.3 ಕೂರಿಸಿ ಎಸ್ಟೀಮ್ ಅಂದ್ರು. ಕಾರ್ಬ್ಯುರೇಟರ್ ಇದ್ದಾಗ 65 ಹಾರ್ಸ್‌ಪವರ್, ಆಮೇಲೆ ಎಂಪಿಎಫ್‌ಐ (ಪೆಟ್ರೋಲ್ ಇಂಜೆಕ್ಷನ್), 16 ವಾಲ್ವ್ ಬಂದು 85 ಆಯಿತು. ಗಾಡಿ ತೂಕ ಒಂದು ಟನ್ ಕೂಡ ಇಲ್ಲ. ಅಂಥದ್ದು ಆಗುಂಬೆಯಲ್ಲಿ ಎರಡನೇ ಗೇರಲ್ಲಿ ಏಳಲ್ಲ ಅಂದ್ರೆ ನಿಮಗೆ ಪವರ್ ಕಮ್ಮಿ ಇರೋದಲ್ಲ. ಇರೋ ಪವರ್ ಎಲ್ಲೋ ಸೋರಿ ಹೋಗ್ತಿದೆ. 85 ಕುದುರೆಗಳಲ್ಲಿ 20 ಕೊಟ್ಟಿಗೆ ಬಿಟ್ಟು ಓಡಿ ಹೋಗಿವೆ, ನೀವು ಹೊಸದಾಗಿ 15 ಕೊಳ್ಳೋಕೆ ಸಂತೆಗೆ ಹೊರಟಿದ್ದೀರಿ.

ಮೊದಲು ಕಂಪ್ರೆಷನ್ ಟೆಸ್ಟ್ ಮಾಡಿಸಿ, ಅಂದ್ರೆ ಸಿಲಿಂಡರ್ ಒಳಗೆ ಗಾಳಿ ಎಷ್ಟು ಒತ್ತಡಕ್ಕೆ ಬರುತ್ತೆ ಅಂತ ಗೇಜ್ ಹಾಕಿ ಅಳೆಯೋದು. ಇಂಜಿನ್ ಚೆನ್ನಾಗಿ ಬಿಸಿ ಇರಬೇಕು. ನಾಲ್ಕೂ ಪ್ಲಗ್ ಬಿಚ್ಚಬೇಕು, ಇಂಜೆಕ್ಟರ್ ಮತ್ತೆ ಕಾಯಿಲ್ ಕನೆಕ್ಷನ್ ತೆಗೆದಿರಬೇಕು. ಇನ್ನೊಬ್ಬರು ಒಳಗೆ ಕೂತು ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೀಬೇಕು. ಬ್ಯಾಟರಿ ಚೆನ್ನಾಗಿರಬೇಕು, ಇಲ್ಲಾಂದ್ರೆ ರೀಡಿಂಗ್ ಸುಳ್ಳು ಬರುತ್ತೆ. ಈ ಇಂಜಿನ್‌ಗೆ ಸುಮಾರು 199 ಪಿಎಸ್‌ಐ ಇರಬೇಕು, 170ಕ್ಕಿಂತ ಕೆಳಗೆ ಬಂದರೆ ಕೆಲಸ ಇದೆ ಅಂತ ಅರ್ಥ. ನಾಲ್ಕು ಸಿಲಿಂಡರ್ ನಡುವೆ 14ಕ್ಕಿಂತ ಜಾಸ್ತಿ ವ್ಯತ್ಯಾಸ ಇರಬಾರದು. ಗೇಜ್ ಇಲ್ಲದೆ ಬರೀ ಕಿವಿಯಲ್ಲಿ ಕೇಳಿ ಇಂಜಿನ್ ಕೆಲಸ ಹೇಳೋರ ಹತ್ರ ಹೋಗಬೇಡಿ.

ಕರಾವಳಿ ಡ್ರೈವರ್:
ಒಂದು ಮಾತು ಕೇಳ್ತೇನೆ ಮಾರಾಯ್ರೆ, ಬೇಜಾರ್ ಮಾಡ್ಬೇಡಿ. ಎರಡನೇ ಗೇರಲ್ಲಿ ಏಳಲಿಲ್ಲ ಅಂದ್ರಲ್ಲ, ಆಗ ಆರ್‌ಪಿಎಂ, ಅಂದ್ರೆ ಇಂಜಿನ್ ನಿಮಿಷಕ್ಕೆ ತಿರುಗುವ ಸುತ್ತು, ಎಷ್ಟಿತ್ತು? ಈ ಇಂಜಿನ್ ಪೂರ್ತಿ ಪವರ್ ಕೊಡೋದು 6000ದಲ್ಲಿ. ನಮ್ಮ ಜನ 2500 ಆದ ಕೂಡಲೇ ಗೇರ್ ಮೇಲೆ ಹಾಕ್ತಾರೆ, ಪೆಟ್ರೋಲ್ ಉಳೀತದೆ ಅಂತ. ಘಾಟಿಯಲ್ಲಿ ಅದು ನಡೆಯುವುದಿಲ್ಲ. ತಿರುವಿಗೆ ಮೊದಲೇ ಗೇರ್ ಇಳಿಸಿ, 3500-4000ದಲ್ಲಿ ಇಟ್ಟುಕೊಂಡು ಒಂದೇ ಸಮ ಹತ್ತಿಸಬೇಕು. ತಿರುವಿನ ಮಧ್ಯದಲ್ಲಿ ಗೇರ್ ಹುಡುಕಿದ್ರೆ ಯಾವ ಗಾಡಿಯೂ ಸಾಯ್ತದೆ. ನಾನು ಡೀಸೆಲ್ ಓಡಿಸಿ ಓಡಿಸಿ ಅಭ್ಯಾಸ ಆದವ, ಪೆಟ್ರೋಲ್ ಗಾಡಿಗೆ ಬಂದಾಗ ಇದನ್ನೇ ಕಲೀಲಿಕ್ಕೆ ಆರು ತಿಂಗಳು ಬೇಕಾಯ್ತು.

ತುಂಗಾತೀರ:
ಬೇಜಾರೇನಿಲ್ಲ. ಎರಡನೇ ಗೇರಲ್ಲಿ 2000ದ ಹತ್ತಿರ ಇತ್ತು ಅನ್ಸುತ್ತೆ. ತಪ್ಪು ನಂದೂ ಇದೆ. ಆದರೆ ಫ್ಲಾಟ್ ರಸ್ತೆಯಲ್ಲೂ ಮೊದಲಿನ ಹಾಗೆ ಎಳೀತಿಲ್ಲ. ಮೊಬೈಲ್ ಸ್ಟಾಪ್‌ವಾಚ್ ಹಿಡಿದು ತಮ್ಮನ ಕೈಯಲ್ಲಿ ನೋಡಿಸಿದೆ, ಮೂರನೇ ಗೇರಲ್ಲಿ 40ರಿಂದ 80ಕ್ಕೆ 13 ಸೆಕೆಂಡ್ ಹಿಡೀತು. ಇದು ಜಾಸ್ತಿನಾ?

12-13 ಸ್ಪ್ಯಾನರ್:
ಜಾಸ್ತಿನೇ. ಈ ನಂಬರ್ ಬರೆದಿಟ್ಟುಕೊಳ್ಳಿ, ಅದೇ ರಸ್ತೆ, ಅದೇ ಇಬ್ಬರು. ಆಮೇಲೆ ಬೇಕಾಗುತ್ತೆ. ಏನೇ ಮಾಡಿಸಿದರೂ ಮೊದಲು ಎಷ್ಟಿತ್ತು ಅಂತ ಅಳತೆ ಇಲ್ಲದಿದ್ದರೆ, ದುಡ್ಡು ಕೊಟ್ಟ ಮೇಲೆ ಎಲ್ಲರಿಗೂ ಗಾಡಿ ಓಡ್ತಿದೆ ಅನ್ನಿಸುತ್ತೆ.

ಲ್ಯಾಂಬ್ಡಾ ಒಂದು:
ನಾನು ಬೆಂಗಳೂರಲ್ಲಿ ಇಂಜಿನ್ ಕ್ಯಾಲಿಬ್ರೇಷನ್ ಕೆಲಸ ಮಾಡ್ತೀನಿ. ಆ 15 ಹಾರ್ಸ್‌ಪವರ್ ಗ್ಯಾರಂಟಿ ಬಗ್ಗೆ ಎರಡು ಮಾತು ಹೇಳಲೇಬೇಕು.

ಟರ್ಬೊ ಇಲ್ಲದ ಇಂಜಿನ್ ತಾನಾಗಿ ಎಷ್ಟು ಗಾಳಿ ಎಳ್ಕೊಳ್ಳುತ್ತೋ ಅಷ್ಟೇ ಅದರ ಶಕ್ತಿ. ಗಾಳಿ ದಟ್ಟವಾಗಿರಬೇಕು, ಅಂದ್ರೆ ತಣ್ಣಗಿರಬೇಕು. ಕೋನ್ ಫಿಲ್ಟರ್ ಅನ್ನು ಬಾನೆಟ್ ಒಳಗೆ ಇಂಜಿನ್ ಪಕ್ಕ ಬರಿಮೈಯಲ್ಲಿ ಕೂರಿಸಿದರೆ ಅದು ಎಳೆಯೋದು ರೇಡಿಯೇಟರ್ ಬಿಸಿ ಗಾಳಿ. 10 ಡಿಗ್ರಿ ಬಿಸಿ ಹೆಚ್ಚಾದರೆ ಗಾಳಿ ಸುಮಾರು 3% ತೆಳ್ಳಗಾಗುತ್ತೆ. ಟ್ರಾಫಿಕ್‌ನಲ್ಲಿ ಬಾನೆಟ್ ಒಳಗೆ ಹೊರಗಿಗಿಂತ 20-30 ಡಿಗ್ರಿ ಜಾಸ್ತಿ ಇರೋದು ಮಾಮೂಲಿ. ಲೆಕ್ಕ ನೀವೇ ಹಾಕಿ. ಸದ್ದು ಮಾತ್ರ ಚೆನ್ನಾಗಿ ಬರುತ್ತೆ, ಆ ಸದ್ದಿಗೇ ಗಾಡಿ ಓಡ್ತಿದೆ ಅನ್ನಿಸೋದು. ಕಂಪನಿ ಏರ್ ಬಾಕ್ಸ್ ಇರಲಿ, ಒಳಗಿನ ಫಿಲ್ಟರ್ ಹೊಸದು ಹಾಕಿ, ಅದಕ್ಕೆ ಕೆಲವು ನೂರು ರೂಪಾಯಿ ಸಾಕು.

ಇರಿಡಿಯಂ ಪ್ಲಗ್ ಹೆಚ್ಚು ದಿನ ಬಾಳುತ್ತೆ, ಪವರ್ ಕೊಡಲ್ಲ. ಹಳೇ ಪ್ಲಗ್ ಸವೆದಿದ್ದರೆ ಯಾವ ಹೊಸ ಪ್ಲಗ್ ಹಾಕಿದರೂ ವ್ಯತ್ಯಾಸ ಗೊತ್ತಾಗುತ್ತೆ, ಆ ಕ್ರೆಡಿಟ್ಟು ಇರಿಡಿಯಂಗೆ ಹೋಗುತ್ತೆ ಅಷ್ಟೇ. ಜಾಸ್ತಿ ಆಕ್ಟೇನ್ ಪೆಟ್ರೋಲ್ ಕಥೆಯೂ ಹೀಗೇ. ನಾಕಿಂಗ್ (ಪೆಟ್ರೋಲ್ ಹೊತ್ತಲ್ಲದ ಹೊತ್ತಲ್ಲಿ ಉರಿದು ಬರೋ ಟಕಟಕ ಸದ್ದು) ಇಲ್ಲದ ಇಂಜಿನ್‌ಗೆ ದುಬಾರಿ ಪೆಟ್ರೋಲ್ ಹಾಕಿದರೆ ಖುಷಿ ಆಗೋದು ಬಂಕ್‌ನವರಿಗೆ.

ಫ್ರೀ ಫ್ಲೋ ಸೈಲೆನ್ಸರ್ ಸರಿಯಾಗಿ ಮಾಡಿದರೆ ಮೇಲಿನ ಆರ್‌ಪಿಎಂನಲ್ಲಿ ಎರಡು ಮೂರು ಹಾರ್ಸ್‌ಪವರ್ ಸಿಗಬಹುದು. ಅಳತೆ ನೋಡದೆ ದಪ್ಪ ಪೈಪ್ ಹಾಕಿದರೆ ಕೆಳಗಿನ ಎಳೆತ ಹೋಗುತ್ತೆ. ನಿಮ್ಮ ಸಮಸ್ಯೆ ಇರೋದೇ ಕೆಳಗಿನ ಎಳೆತದಲ್ಲಿ ಅಲ್ವಾ?

ರೆಡ್‌ಲೈನ್ ರಾಜ:
ಮೇಡಂ, ಇಸಿಯು ರೀಮ್ಯಾಪ್ (ಇಂಜಿನ್ ಕಂಪ್ಯೂಟರ್ ಸೆಟ್ಟಿಂಗ್ ಬದಲಿಸೋದು)? ಅದರಲ್ಲಿ 20% ಬರುತ್ತೆ ಅಂತಾರಲ್ಲ.

ಲ್ಯಾಂಬ್ಡಾ ಒಂದು:
ಅದು ಟರ್ಬೊ ಗಾಡಿಗಳ ಮಾತು. ಅಲ್ಲಿ ಬೂಸ್ಟ್ ಏರಿಸಬಹುದು, ಗಾಳಿ ಜಾಸ್ತಿ ತುಂಬಬಹುದು. ಇಲ್ಲಿ ಏರಿಸೋಕೆ ಏನಿದೆ? ಇಗ್ನಿಷನ್ ಟೈಮಿಂಗ್ ಸ್ವಲ್ಪ ಮುಂದೆ ತಳ್ಳಬಹುದು, ಪೂರ್ತಿ ಒತ್ತಿದಾಗ ಪೆಟ್ರೋಲ್ ಮಿಶ್ರಣ ಸರಿ ಮಾಡಬಹುದು, ಅಷ್ಟರಲ್ಲಿ ಐದು ಪರ್ಸೆಂಟ್ ಬಂದರೆ ಪುಣ್ಯ. ಆರೋಗ್ಯವಾಗಿಲ್ಲದ ಇಂಜಿನ್ ಮೇಲೆ ಅದನ್ನೂ ಮಾಡಬಾರದು.

ಇನ್ನೊಂದು ವಿಷಯ. ಡೈನೊ, ಅಂದ್ರೆ ಪವರ್ ಅಳೆಯೋ ಯಂತ್ರದ ಮೇಲೆ ಹತ್ತಿಸಿ 72 ಬಂತು ಅಂತ ಗಾಬರಿ ಆಗೋರು ತುಂಬಾ ಜನ. ಕಂಪನಿ ಹೇಳೋ 85 ಇಂಜಿನ್‌ನದ್ದು, ಡೈನೊ ತೋರಿಸೋದು ಚಕ್ರದ್ದು. ಗೇರ್‌ಬಾಕ್ಸ್, ಡ್ರೈವ್ ಶಾಫ್ಟ್, ಟೈರ್ ಎಲ್ಲ ದಾಟಿ ಬರುವಾಗ 12-15% ಹೋಗುತ್ತೆ. ಮೇಲೆ ಬೆಂಗಳೂರು ಇರೋದು 900 ಮೀಟರ್ ಎತ್ತರದಲ್ಲಿ, ಇಲ್ಲಿ ಗಾಳಿಯೇ ಮಂಗಳೂರಿಗಿಂತ ಹೆಚ್ಚು ಕಮ್ಮಿ 9% ತೆಳ್ಳಗೆ. ಅದನ್ನು ಯಾವ ಮೆಕ್ಯಾನಿಕ್ಕೂ ರಿಪೇರಿ ಮಾಡಲಾರ.

ಪೇಡೆ ಪ್ರಿಯ ಧಾರವಾಡ:
ರೀ, ಬಲೆನೊ ಇಂಜಿನ್ ಬಗ್ಗೆ ಯಾರೂ ಕಾಗದ ಪತ್ರದ ಮಾತು ಆಡಲಿಲ್ಲವಲ್ರೀ. ನನ್ನ ಸೋದರಮಾವ ಎಂಟು ವರ್ಷದ ಹಿಂದೆ ಇದನ್ನೇ ಮಾಡಿಸಿದ್ದರು. ಗಾಡಿ ಹುಲಿ ಹಂಗೆ ಓಡ್ತಿತ್ತು, ಸುಳ್ಳು ಹೇಳಲ್ಲ. ಆದರೆ ಆರ್‌ಸಿಯಲ್ಲಿ ಹಳೇ ಇಂಜಿನ್ ನಂಬರ್ರೇ ಇತ್ತು. 15 ವರ್ಷ ತುಂಬಿ ಎಫ್‌ಸಿಗೆ (ಫಿಟ್‌ನೆಸ್ ಸರ್ಟಿಫಿಕೇಟ್) ಹೋದಾಗ ಇನ್‌ಸ್ಪೆಕ್ಟರ್ ಬಾನೆಟ್ ತೆಗೆಸಿ, ಬಟ್ಟೆಯಿಂದ ಬ್ಲಾಕ್ ಒರೆಸಿ, ಟಾರ್ಚ್ ಹಾಕಿ ನಂಬರ್ ಓದಿದರು. ಮುಗೀತು. ಹಳೇ ಇಂಜಿನ್ ಮನೆ ಹಿತ್ತಲಲ್ಲಿ ಗೋಣಿಚೀಲ ಹೊದ್ದು ಮಲಗಿತ್ತು, ಪುಣ್ಯಕ್ಕೆ ಮಾರಿರಲಿಲ್ಲ. ಮತ್ತೆ ಅದನ್ನೇ ಕೂರಿಸಿ, ಎರಡು ಸಲ ಕೂಲಿ ಕೊಟ್ಟು, ಆಮೇಲೆ ಎಫ್‌ಸಿ ಆಯಿತು.

ಕಾನೂನು ಸಿಂಪಲ್ ಐತ್ರಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್, ಆರ್‌ಸಿಯಲ್ಲಿ ಬರೆದದ್ದಕ್ಕೂ ಕಂಪನಿ ಕೊಟ್ಟದ್ದಕ್ಕೂ ತಾಳೆ ಆಗದ ಹಾಗೆ ಗಾಡಿ ಬದಲಿಸಬಾರದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಗಟ್ಟಿಯಾಗಿ ಹೇಳಿತು. ಅದೇ ಮಾದರಿಯ ಬೇರೆ ಇಂಜಿನ್ ಹಾಕಿಸಬೇಕಾದರೂ ಆರ್‌ಟಿಒ ಒಪ್ಪಿಗೆ ಬೇಕು. ಒಪ್ಪಿಗೆ ಇಲ್ಲದೆ ಹಾಕಿಸಿ, ದೇವರು ಮಾಡಬಾರದು, ಒಂದು ಅಪಘಾತ ಆದರೆ ಇನ್ಶೂರೆನ್ಸ್‌ನವರು ಇದೇ ನೆಪ ಹಿಡಿದು ಕೈ ಎತ್ತಿದರೆ ಏನ್ ಮಾಡ್ತೀರಿ? 2004ರ ಗಾಡಿ ಅಂದ್ರೆ ನಿಮಗೂ ಐದು ವರ್ಷಕ್ಕೊಮ್ಮೆ ಎಫ್‌ಸಿ ಇದ್ದೇ ಇದೆ.

ರೆಡ್‌ಲೈನ್ ರಾಜ:
ಎಲ್ಲರೂ ಸೇರಿ ಮಜಾ ಹಾಳು ಮಾಡ್ತಿದ್ದೀರಿ. ಇದೇ ಎಸ್ಟೀಮ್‌ನಲ್ಲಿ ರ‍್ಯಾಲಿ ಓಡಿಸಿದವರಿದ್ದಾರೆ, ಗೊತ್ತಾ?

ಕಾಫಿ ತೋಟದ ಧೂಳು:
ಗೊತ್ತು ತಮ್ಮಾ, ನಾನು ಅಂಥ ಒಂದು ಗಾಡಿಯ ಸರ್ವಿಸ್ ಟೀಮಲ್ಲಿ ಇದ್ದೆ. ಚಿಕ್ಕಮಗಳೂರು ಕಡೆ ತೋಟದ ರಸ್ತೆಗಳಲ್ಲಿ ಎಸ್ಟೀಮ್‌ಗಳು ಎದ್ದುಬಿದ್ದು ಓಡಿದ ಕಾಲ ಅದು. ಹೆಡ್ ಶೇವ್ ಮಾಡಿಸಿ ಕಂಪ್ರೆಷನ್ ಏರಿಸ್ತಿದ್ವಿ, ಪೋರ್ಟ್‌ಗಳನ್ನು ಕೈಯಲ್ಲೇ ಉಜ್ಜಿ ನುಣುಪು ಮಾಡ್ತಿದ್ವಿ, ವಾಲ್ವ್ ತೆರೆದು ಮುಚ್ಚೋ ಕ್ಯಾಮ್ ಬೇರೆ, ಗೇರ್ ಅನುಪಾತ ಬೇರೆ. ಸೀಟು, ಕಾರ್ಪೆಟ್, ಎಸಿ, ಸ್ಪೀಕರ್ ಎಲ್ಲ ಕಿತ್ತು ಹಾಕಿರ್ತಿದ್ವಿ. ಕಿತ್ತು ಹಾಕಿದ ತೂಕವೇ ಅರ್ಧ ಕೆಲಸ ಮಾಡ್ತಿತ್ತು. ಆ ಇಂಜಿನ್ 4000ದ ಕೆಳಗೆ ಸತ್ತ ಹೆಣ, ಮೇಲೆ ಭೂತ. ಐಡಲ್‌ನಲ್ಲಿ ನಿಲ್ತಿರಲಿಲ್ಲ, ಕೆಮ್ಮುತ್ತಿತ್ತು. ಒಂದೊಂದು ಈವೆಂಟ್ ಮುಗಿದ ಮೇಲೂ ಬಿಚ್ಚಿ ನೋಡಬೇಕಿತ್ತು. ಅಂಥ ಗಾಡಿಯಲ್ಲಿ ಅಮ್ಮನನ್ನು ಉಡುಪಿಗೆ ಕರ್ಕೊಂಡು ಹೋಗೋಕಾಗುತ್ತಾ?

ಅಂದಹಾಗೆ ತುಂಗಾತೀರ, ಟೈರ್ ಸೈಜ್ ಎಷ್ಟಿದೆ? ಫೋಟೊ ಹಾಕಿ.

ತುಂಗಾತೀರ:
195/60 ಆರ್15, ಅಲಾಯ್. ಹೋದ ವರ್ಷ ಹಾಕಿಸಿದ್ದು. ಮೊದಲು 13 ಇಂಚು ಇತ್ತು, 175/70. ಲುಕ್ ಮಾತ್ರ ಸೂಪರ್ ಆಗಿದೆ, ಅದನ್ನ ಬಿಡೋಕೆ ಹೇಳ್ಬೇಡಿ.

ಕಾಫಿ ತೋಟದ ಧೂಳು:
ಹೇಳೋದೇ. 175/70 ಆರ್13 ಟೈರಿನ ಎತ್ತರ 575 ಮಿ.ಮೀ. ನೀವು ಹಾಕಿರೋದು 615. ಅಂದ್ರೆ 7% ದೊಡ್ಡದು. ನಿಮ್ಮ ಒಂದೊಂದು ಗೇರೂ 7% ಉದ್ದ ಆಯಿತು, ಚಕ್ರ ರಸ್ತೆಯನ್ನು ತಳ್ಳೋ ಬಲ ಅಷ್ಟೇ ಕಮ್ಮಿ ಆಯಿತು. ಇಂಜಿನ್ ಮುಟ್ಟದೇನೇ ಘಾಟಿಯಲ್ಲಿ ಆರು ಹಾರ್ಸ್‌ಪವರ್ ಕಳಕೊಂಡ ಹಾಗೆ. ಅಲಾಯ್ ಅಗ್ಗದ್ದಾದರೆ ತೂಕ ಬೇರೆ, ಅದನ್ನು ಪ್ರತಿ ಸಲ ತಿರುಗಿಸಬೇಕು. ಇನ್ನೊಂದು, ನಿಮ್ಮ ಸ್ಪೀಡೋಮೀಟರ್ ಈಗ ಕಮ್ಮಿ ತೋರಿಸುತ್ತೆ. ಆ 40-80 ಲೆಕ್ಕದಲ್ಲೂ ಅದು ಸೇರಿದೆ, ಮೊಬೈಲ್ ಜಿಪಿಎಸ್ ನೋಡಿ ಅಳೀರಿ.

ತುಂಗಾತೀರ:
ಎರಡು ವಾರ ಆಯಿತು, ಬರೆಯೋಕೆ ತಡ ಆಯಿತು. ಕಂಪ್ರೆಷನ್ ನೋಡಿಸಿದೆ. 160, 158, 162, 155. ಎಲ್ಲ 170ಕ್ಕಿಂತ ಕೆಳಗೆ. ಮೆಕ್ಯಾನಿಕ್ ನೋಡಿದ ಕೂಡಲೇ ಪಿಸ್ಟನ್ ರಿಂಗ್ ಹೋಗಿದೆ, ಇಂಜಿನ್ ಬಿಚ್ಚಿ ಬೋರ್ ಮಾಡಿಸಬೇಕು, 45 ಸಾವಿರ ಅಂದ್ರು. ಅಪ್ಪನ ಮುಖ ನೋಡೋಕಾಗಲಿಲ್ಲ. ಆದರೆ ಗಾಡಿ ಹೊಗೆ ಬಿಡಲ್ಲ, ಆಯಿಲೂ ಕುಡಿಯಲ್ಲ. ಏನ್ ಮಾಡ್ಲಿ?

ಲ್ಯಾಂಬ್ಡಾ ಒಂದು:
ಬಿಚ್ಚಬೇಡಿ! ಒಂದೊಂದು ಸಿಲಿಂಡರಿಗೂ ಪ್ಲಗ್ ತೂತಿನಿಂದ ಒಂದು ಚಮಚ ಇಂಜಿನ್ ಆಯಿಲ್ ಹಾಕಿ ಮತ್ತೆ ಅಳೆಸಿ. ರಿಂಗ್ ಸವೆದಿದ್ದರೆ ಆಯಿಲ್ ಸಂದಿ ಮುಚ್ಚಿ ರೀಡಿಂಗ್ ಮೇಲೇರುತ್ತೆ. ಏರದಿದ್ದರೆ ರಿಂಗ್ ಅಲ್ಲ.

ತುಂಗಾತೀರ:
ಹಾಕಿಸಿದೆ. 164, 161, 165, 159. ಏರಿಲ್ಲ ಅಂತಾನೇ ಹೇಳ್ಬೇಕು.

12-13 ಸ್ಪ್ಯಾನರ್:
ಪಿಸ್ಟನ್ ಜೊತೆ ಕ್ಯಾಮನ್ನು ತಾಳದಲ್ಲಿ ತಿರುಗಿಸೋ ಟೈಮಿಂಗ್ ಬೆಲ್ಟ್ ಯಾವಾಗ ಹಾಕಿಸಿದ್ರಿ?

ತುಂಗಾತೀರ:
ಒಂದೂವರೆ ವರ್ಷ ಆಯಿತು. ಹೈವೇ ಪಕ್ಕದ ಒಂದು ಗ್ಯಾರೇಜಲ್ಲಿ, ವಾಟರ್ ಪಂಪ್ ಸೋರ್ತಿತ್ತು ಅಂತ ಎರಡನ್ನೂ ಬದಲಿಸಿದ್ರು. ಈಗ ನೆನಪಾಗ್ತಿದೆ, ಅವತ್ತು ಗಾಡಿ ಮನೆಗೆ ತಂದ ಸಂಜೆ ಅಪ್ಪ ಒಂದು ರೌಂಡ್ ಹೋಗಿ ಬಂದು “ಯಾಕೋ ಮಂಕಾಗಿದೆ ಕಣೋ” ಅಂದಿದ್ರು. ಹೊಸ ಬೆಲ್ಟ್ ಅಲ್ವಾ, ಸೆಟ್ ಆಗುತ್ತೆ ಅಂತ ನಾನೇ ಬಾಯಿ ಮುಚ್ಚಿಸಿದ್ದೆ.

12-13 ಸ್ಪ್ಯಾನರ್:
ಅಪ್ಪ ಸರಿಯಾಗೇ ಹೇಳಿದ್ದಾರೆ. ನಾಲ್ಕೂ ಸಿಲಿಂಡರ್ ಒಂದೇ ಸಮ ಕಮ್ಮಿ, ಆಯಿಲ್ ಹಾಕಿದರೂ ಏರಲ್ಲ, ಹೊಗೆ ಇಲ್ಲ. ಬೆಲ್ಟ್ ಒಂದು ಹಲ್ಲು ಆಚೀಚೆ ಕೂತಿದೆ ಅಂತ ನನಗೆ 90% ಅನುಮಾನ. ಕ್ಯಾಮ್ ತಡವಾದರೆ ಇನ್‌ಟೇಕ್ ವಾಲ್ವ್ ತಡವಾಗಿ ಮುಚ್ಚುತ್ತೆ. ಪಿಸ್ಟನ್ ಮೇಲೆ ಬರೋಕೆ ಶುರು ಮಾಡಿದಾಗ ಬಾಗಿಲು ಇನ್ನೂ ತೆರೆದೇ ಇರುತ್ತೆ, ಒಳಗೆ ಬಂದ ಗಾಳಿ ವಾಪಸ್ ಹೋಗುತ್ತೆ. ಕಡಿಮೆ ಆರ್‌ಪಿಎಂನಲ್ಲಿ ಇದರ ಪೆಟ್ಟು ಜಾಸ್ತಿ. ನಿಮಗೆ ಎರಡನೇ ಗೇರಲ್ಲಿ ಆದದ್ದು ಅದೇ.

ಬೆಲ್ಟ್ ಕವರ್ ತೆಗೆಸಿ, ಕ್ರ್ಯಾಂಕ್ ಮತ್ತು ಕ್ಯಾಮ್ ಪುಲ್ಲಿ ಗುರುತು ಎರಡೂ ಒಟ್ಟಿಗೆ ತಾಳೆ ಆಗ್ತಾವಾ ನೀವೇ ನಿಂತು ನೋಡಿ. ಕ್ರ್ಯಾಂಕ್ ಗುರುತು ಸರಿ ಕೂರಿಸಿದಾಗ ಕ್ಯಾಮ್ ಗುರುತು ಸ್ವಲ್ಪ ಹಿಂದಿದ್ದರೆ ಅದೇ ಕಳ್ಳ. ಬಿಚ್ಚಿದ ಮೇಲೆ ಬೆಲ್ಟ್ ಜೊತೆ ಟೆನ್ಷನರ್ ಕೂಡ ಹೊಸದು ಹಾಕಿಸಿ, ಅಲ್ಲಿ ಕಂಜೂಸ್‌ತನ ಬೇಡ. ಗುರುತು ಕೂರಿಸಿದ ಮೇಲೆ ಇಂಜಿನ್ ಅನ್ನು ಕೈಯಲ್ಲಿ ಎರಡು ಸುತ್ತು ತಿರುಗಿಸಿ ಮತ್ತೆ ಗುರುತು ನೋಡಬೇಕು, ಆಮೇಲೇ ಸೆಲ್ಫ್ ಹೊಡೀಬೇಕು. ಇಗ್ನಿಷನ್ ಟೈಮಿಂಗನ್ನೂ ಲೈಟ್ ಹಾಕಿ ಚೆಕ್ ಮಾಡಿಸಿ.

ಹಾಗೇ ನಾಲ್ಕು ಚಕ್ರ ಜಾಕ್ ಮೇಲೆ ಎತ್ತಿ ಕೈಯಲ್ಲಿ ತಿರುಗಿಸಿ ನೋಡಿ. ಮಲೆನಾಡ ಮಳೆಯಲ್ಲಿ ಕ್ಯಾಲಿಪರ್ ಪಿನ್ ತುಕ್ಕು ಹಿಡಿದು ಬ್ರೇಕ್ ಹಿಡ್ಕೊಂಡೇ ಇರೋದು ತುಂಬಾ ನೋಡಿದ್ದೀನಿ.

ಕರಾವಳಿ ಡ್ರೈವರ್:
ಪೆಟ್ರೋಲ್ ಫಿಲ್ಟರ್ ಸಹ ನೋಡಿ ಮಾರಾಯ್ರೆ. ಈಗ ಪೆಟ್ರೋಲಲ್ಲಿ 20% ಎಥನಾಲ್. ಹಳೇ ಗಾಡಿಯ ರಬ್ಬರ್ ಪೈಪ್ ಅದಕ್ಕೆ ಮಾಡಿದ್ದಲ್ಲ. ನನ್ನ ಗಾಡಿಯ ಟ್ಯಾಂಕಿನ ಹತ್ತಿರದ ಪೈಪ್ ಬಿರುಕು ಬಿಟ್ಟು, ಪೆಟ್ರೋಲ್ ವಾಸನೆ ಬಂದ ಮೇಲೆ ಗೊತ್ತಾದದ್ದು.

ತುಂಗಾತೀರ:
ಸ್ಪ್ಯಾನರ್ ಅಣ್ಣಾ, ನಿಮ್ಮ ಬಾಯಿಗೆ ಸಕ್ಕರೆ ಹಾಕಬೇಕು. ಇವತ್ತು ಬೇರೆ ಗ್ಯಾರೇಜಲ್ಲಿ ಕವರ್ ತೆಗೆಸಿದೆ. ಕ್ಯಾಮ್ ಗುರುತು ಸರಿಯಾಗಿ ಒಂದು ಹಲ್ಲು ಹಿಂದೆ. ಮೆಕ್ಯಾನಿಕ್ ಹುಡುಗ ಸ್ಕ್ರೂಡ್ರೈವರ್ ತುದಿಯಲ್ಲಿ ತೋರಿಸಿ “ನೋಡಿ ಸಾರ್, ಇಷ್ಟೇ” ಅಂದ. ಬೆರಳ ತುದಿಯಷ್ಟು ಜಾಗ. ಇಷ್ಟಕ್ಕೆ ಒಂದೂವರೆ ವರ್ಷ ಅಪ್ಪ ಮಂಕು ಗಾಡಿ ಓಡಿಸಿದ್ದಾರೆ, ನಾನು 45 ಸಾವಿರಕ್ಕೆ ಇಂಜಿನ್ ಬಿಚ್ಚಿಸೋಕೆ ಹೊರಟಿದ್ದೆ.

ಸರಿ ಕೂರಿಸಿದ ಮೇಲೆ ಕಂಪ್ರೆಷನ್ 188, 187, 190, 181. ಮುಂದಿನ ಎಡ ಚಕ್ರದ ಕ್ಯಾಲಿಪರ್ ನೀವು ಹೇಳಿದ ಹಾಗೇ ಹಿಡ್ಕೊಂಡಿತ್ತು, ಎರಡೂ ಕೈ ಹಾಕಿ ತಿರುಗಿಸಬೇಕಿತ್ತು. ಪಿನ್ ಉಜ್ಜಿ ಗ್ರೀಸ್ ಹಾಕಿದ್ರು. ಥ್ರಾಟಲ್ ಬಾಡಿ ಒಳಗೆ ಒಲೆ ಮಸಿ ಹಾಗೆ ಇತ್ತು, ತೊಳೆದ್ರು. ಏರ್ ಫಿಲ್ಟರ್, ಪೆಟ್ರೋಲ್ ಫಿಲ್ಟರ್, ಮಾಮೂಲಿ ಪ್ಲಗ್, ಬೆಲ್ಟ್, ಟೆನ್ಷನರ್, ಕೂಲಿ ಎಲ್ಲ ಸೇರಿ 9,400 ರೂಪಾಯಿ.

ಅಲಾಯ್ ಬಗ್ಗೆ ಮನೇಲಿ ಜಗಳ ಆಯಿತು. ಹಳೇ 13 ಇಂಚಿನ ಚಕ್ರ ಅಟ್ಟದ ಮೇಲಿದ್ವು, ಕಟ್ಟಿಗೆ ಸಂದಿಯಲ್ಲಿ. ಸುಮ್ನೆ ಒಂದು ಸಲ ಹಾಕಿ ನೋಡೋಣ ಅಂತ ಹೊಸ ಟೈರ್ ಹಾಕಿಸಿ ಹಾಕಿದೆ. ಜಿಪಿಎಸ್ ನೋಡಿ ಅಳೆದೆ, ಅದೇ ರಸ್ತೆ, ಅದೇ ತಮ್ಮ. 40ರಿಂದ 80ಕ್ಕೆ 9.4 ಸೆಕೆಂಡ್.

ರೆಡ್‌ಲೈನ್ ರಾಜ:
ಒಪ್ಪಿಕೊಂಡೆ ಗುರು. ಬಜೆಟ್ ಉಳೀತಲ್ಲ, ಈಗಾದರೂ ಫ್ರೀ ಫ್ಲೋ ಹಾಕು.

12-13 ಸ್ಪ್ಯಾನರ್:
ಉಳಿದ ದುಡ್ಡಲ್ಲಿ ಮೊದಲು ಬ್ರೇಕ್ ಪ್ಯಾಡ್, ಹಿಂದಿನ ಡ್ರಮ್ ಶೂ, ಹೊಸ ಬ್ರೇಕ್ ಆಯಿಲ್. ಆಗುಂಬೆ ಹತ್ತೋದು ಒಂದು ಕಡೆ, ಇಳಿಯೋದೂ ಅದೇ ಗಾಡಿಯಲ್ಲೇ ಅಲ್ವಾ. ರಬ್ಬರ್ ಪೈಪ್‌ಗಳನ್ನೂ ಬದಲಿಸಿ. ನಾಲ್ಕನೇ ಸಿಲಿಂಡರ್ 181 ಸದ್ಯಕ್ಕೆ ಪರವಾಗಿಲ್ಲ, ಟ್ಯಾಪೆಟ್ (ವಾಲ್ವ್ ಸಂದಿ) ಸೆಟ್ ಮಾಡಿಸಿ ಐದು ಸಾವಿರ ಕಿ.ಮೀ. ಆದ ಮೇಲೆ ಮತ್ತೆ ಅಳೆಸಿ. ಬಿಡಿಭಾಗ ಅಲ್ಲಿ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಈಗಲೂ ಸಿಗುತ್ತೆ, ಹಳೇ ಭಾಗ ಕೈಯಲ್ಲಿ ಹಿಡ್ಕೊಂಡು ಹೋಗಿ ತಾಳೆ ನೋಡಿ ತಗೊಳ್ಳಿ.

ತುಂಗಾತೀರ:
ಆಯಿತು ಅಣ್ಣ. ಭಾನುವಾರ ಸೋಮೇಶ್ವರಕ್ಕೆ ಇಳಿದು ಮತ್ತೆ ಹತ್ತಿಸಿದೆ. ಐದು ಜನ ಇರಲಿಲ್ಲ, ಮೂರೇ ಜನ, ಎಸಿ ಆನ್. ಎರಡನೇ ಗೇರ್, 3500. ಹದಿನಾಲ್ಕು ತಿರುವಲ್ಲಿ ಎರಡೇ ಸಲ ಮೊದಲನೇ ಗೇರ್ ಬೇಕಾಯಿತು, ಅದೂ ಎದುರಿಗೆ ಬಸ್ ಬಂದು ನಿಲ್ಲಿಸಿದ್ದಕ್ಕೆ. ಅಪ್ಪ ಪಕ್ಕದಲ್ಲಿ ಕೂತು ಏನೂ ಮಾತಾಡಲಿಲ್ಲ, ಮೇಲೆ ಬಂದ ಮೇಲೆ ವ್ಯೂ ಪಾಯಿಂಟ್ ಹತ್ರ ನಿಲ್ಲಿಸು ಅಂದ್ರು, ಇಳಿದು ಈ ಕಡೆ ಬಂದು ಕೀ ಇಸ್ಕೊಂಡ್ರು. ಅಲ್ಲಿಂದ ತೀರ್ಥಹಳ್ಳಿವರೆಗೆ ಅವರೇ ಓಡಿಸಿದ್ದು.

15 ಇಂಚಿನ ಅಲಾಯ್ ನಾಲ್ಕು, ಟೈರ್ ಸಮೇತ, ಒಂದು ಗೀರೂ ಇಲ್ಲ. ಯಾರಿಗಾದರೂ ಬೇಕಾದರೆ ಹೇಳಿ, ಘಾಟಿ ಕಡೆಯವರಿಗೆ ಮಾತ್ರ ಕೊಡಲ್ಲ.